ಉಡಿ ತುಂಬುವ ಕೈ

ನನ್ನ ಹಳೇ ಟ್ರಂಕಿನಲ್ಲಿ ಮೂವತ್ತೆಂಟು ಕಣಗಳಿವೆ. ಹೋದ ವಾರ ಕೌದಿ ಹೊಲಿಯಲು ಮೆತ್ತಗಿನ ಹಳೇ ಸೀರೆ ಹುಡುಕುತ್ತ ಟ್ರಂಕಿನ ತಳ ಮುಟ್ಟಿದಾಗ ಎಣಿಸಿದೆ. ಕಣ ಎಂದರೆ ರವಿಕೆ ಬಟ್ಟೆ. ಕೆಲವು ಗುಳೇದಗುಡ್ಡದವು, ಕೆಂಪು ಅಂಚಿನವು, ಕೈಗೆ ತೂಕ ಹತ್ತುವಂಥವು. ಉಳಿದವು ಬರೀ ಗಂಜಿ, ನೀರಿಗೆ ಬಿದ್ದರೆ ಅರ್ಧಕ್ಕೆ ಇಳಿಯುತ್ತವೆ. ಇವುಗಳಲ್ಲಿ ಒಂದನ್ನೂ ನಾನು ಹೊಲಿಸಿಲ್ಲ. ಹೊಲಿಸಿಕೊಳ್ಳಲಿ ಎಂದು ಯಾರೂ ಕೊಟ್ಟದ್ದೂ ಅಲ್ಲ. ನಿಮ್ಮ ಮನೆಯಲ್ಲೂ ಇಂಥದೊಂದು ಗಂಟು ಇದ್ದೇ ಇರುತ್ತದೆ, ಇಲ್ಲ ಎನ್ನಬೇಡಿ.

ಕಣದ ಹಣೆಬರಹವೇ ತಿರುಗಾಟ. ಒಬ್ಬರ ಉಡಿಯಿಂದ ಇನ್ನೊಬ್ಬರ ಟ್ರಂಕಿಗೆ, ಅಲ್ಲಿಂದ ಮತ್ತೊಬ್ಬರ ಉಡಿಗೆ. ಒಮ್ಮೆ ನೇರಳೆ ಬಣ್ಣದ ಕಣವೊಂದಕ್ಕೆ ಇಸ್ತ್ರಿ ಮಾಡಲು ಹೋಗಿ ಮೂಲೆ ಸುಟ್ಟೆ. ಕಂದು ಕಲೆ ಕಾಣದ ಹಾಗೆ ಒಳಮಡಿಕೆ ಹಾಕಿ, ಮೇಲಿನ ಮಹಡಿಯ ಮರಾಠಿ ಕಾಕು ಅವರ ಮಗಳಿಗೆ ಕೊಟ್ಟು ಕೈತೊಳೆದುಕೊಂಡೆ. ಮೂರು ವರ್ಷದ ಮೇಲೆ ಹಡಪಸರದಲ್ಲಿ ಯಾರದೋ ಗೃಹಪ್ರವೇಶಕ್ಕೆ ಹೋದಾಗ ಅದೇ ಕಣ, ಅದೇ ಒಳಮಡಿಕೆ, ಅದೇ ಕಲೆ ನನ್ನ ಉಡಿಗೇ ಬಂದು ಬಿತ್ತು. ಮನೆಗೆ ಬಂದು ನಮ್ಮವರಿಗೆ ತೋರಿಸಿದೆ. ಅವರು ಪೇಪರಿನಿಂದ ತಲೆ ಎತ್ತದೆ, "ಅದು ನಿನಗಿಂತಾ ಹೆಚ್ಚು ಪುಣೆ ನೋಡೇದ ಬಿಡು" ಎಂದರು. ಆ ಕಣವನ್ನು ನಾನು ಮತ್ತೆ ಕೊಡಲಿಲ್ಲ, ಇಟ್ಟುಕೊಂಡಿದ್ದೇನೆ.

ಇನ್ನೊಂದು ಮಾತು ಹೇಳಲೇಬೇಕು. ನಾವು ಕ್ರೈಸ್ತರು. ನನ್ನ ತವರು ಬೆಟಗೇರಿ. ನೇಕಾರರ ಓಣಿಯಲ್ಲಿ ಮುತ್ತಜ್ಜನ ಕಾಲಕ್ಕೇ ದೀಕ್ಷಾಸ್ನಾನವಾದ ಮನೆತನ. ನಾನು ನರ್ಸಿಂಗ್ ಕಲಿತು ಪುಣೆಗೆ ಬಂದೆ, ಇಲ್ಲಿ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದ ಧಾರವಾಡದವರನ್ನು ಮದುವೆಯಾದೆ, ಹೆರಿಗೆ ವಾರ್ಡಿನಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತಳಾಗಿ ಯೆರವಡಾದ ಈ ಎರಡನೇ ಮಹಡಿಯಲ್ಲಿ ಕೂತಿದ್ದೇನೆ. ಕ್ರೈಸ್ತಳ ಟ್ರಂಕಿನಲ್ಲಿ ಉಡಿ ತುಂಬುವ ಕಣಕ್ಕೆ ಏನು ಕೆಲಸ ಎಂದು ನೀವು ಕೇಳಬಹುದು. ನನ್ನ ಅಳಿಯನೂ ಅದನ್ನೇ ಕೇಳಿದ. ಆ ಕಥೆಯನ್ನೇ ಹೇಳಬೇಕೆಂದಿದ್ದೇನೆ, ಆದರೆ ಅದಕ್ಕೆ ಮೊದಲು ನಮ್ಮ ಅಜ್ಜಿಯ ವಿಷಯ ಹೇಳದಿದ್ದರೆ ನಿಮಗೆ ತಳಬುಡ ತಿಳಿಯುವುದಿಲ್ಲ.

ಉಡಿ ತುಂಬುವುದು ನಿಮಗೆ ಗೊತ್ತು. ತವರಿನಿಂದ ಹೊರಡುವ ಮಗಳು ಸೆರಗು ಚಾಚಿ ಕೂತುಕೊಳ್ಳುತ್ತಾಳೆ, ತಾಯಿಯೋ ಅತ್ತಿಗೆಯೋ ಐದು ಹಿಡಿ ಅಕ್ಕಿ ಹಾಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಿಕೆ, ಅರಿಷಿಣ ಕೊಂಬು, ಮೇಲೊಂದು ಕಣ ಇಟ್ಟು ಕಳಿಸುತ್ತಾಳೆ. ನಿಮ್ಮಲ್ಲಿ ಕೆಲವರು ಮಡಿಲು ತುಂಬುವುದು ಎನ್ನುತ್ತೀರಿ, ಇಲ್ಲಿ ಪುಣೆಯವರು ಓಟಿ ಎನ್ನುತ್ತಾರೆ. ಬಸುರಿಗಂತೂ ಏಳನೇ ತಿಂಗಳಿಗೆ ಇದನ್ನು ಮಾಡಲೇಬೇಕು. ಅದಕ್ಕೆ ನಮ್ಮ ಕಡೆ ಕುಬಸ ಎಂದು ಹೆಸರು. ದೀಕ್ಷಾಸ್ನಾನವಾದ ಮೇಲೆ ಮಿಶನ್ ದೊರೆಗಳು ಬೇಡವೆಂದ ನೂರೆಂಟು ಆಚಾರಗಳಲ್ಲಿ ಇದೂ ಒಂದು. ಕುಂಕುಮ ಬಿಡಿ ಎಂದರು, ನಮ್ಮವರು ಬಿಟ್ಟರು. ಕಂಕಣ ಬಿಡಿ ಎಂದರು, ಬಿಟ್ಟರು. ಉಡಿ ಬಿಡಿ ಎಂದಾಗ ಗಂಡಸರು ಆಗಲಿ ಎಂದು ತಲೆಯಾಡಿಸಿ ಬಂದರು, ಹೆಂಗಸರಿಗೆ ಹೇಳುವ ಧೈರ್ಯ ಮಾತ್ರ ಯಾರಿಗೂ ಆಗಲಿಲ್ಲ.

ಒಂದು ಸಲ ದೊರೆಸಾನಿಯೇ ಮನೆಗೆ ಬಂದಳಂತೆ. ನನ್ನ ಮುತ್ತಜ್ಜಿ ಮಗಳ ಉಡಿಗೆ ಅಕ್ಕಿ ಹಾಕುತ್ತಿದ್ದದ್ದನ್ನು ಕಂಡು ಇದೇನು ಎಂದು ಕೇಳಿದಳಂತೆ. ಮುತ್ತಜ್ಜಿ ಕಣ್ಣು ಮಿಟುಕಿಸದೆ, "ದಾರಿ ದೂರ ಅದರಿ, ಬುತ್ತಿ" ಎಂದಳಂತೆ. ಹಸಿ ಅಕ್ಕಿಯನ್ನು ದಾರಿಯಲ್ಲಿ ಹೇಗೆ ತಿನ್ನುತ್ತಾರೆ ಎಂದು ಆ ಹೆಂಗಸು ಕೇಳಲಿಲ್ಲವಂತೆ. ಮುಂದೆ ಆಕೆ ತನ್ನ ದೇಶಕ್ಕೆ ಹೊರಟ ದಿನ ಓಣಿಯ ಹೆಂಗಸರೆಲ್ಲ ಸೇರಿ ಅವಳ ಗೌನಿನ ಮುಂಭಾಗವನ್ನೇ ಹಿಡಿಸಿ ಅಕ್ಕಿ ಹಾಕಿದರಂತೆ. ಅವಳು ಬೇಡ ಎನ್ನಲಿಲ್ಲ, ಅತ್ತಳಂತೆ. ಇದೆಲ್ಲ ಅಜ್ಜಿ ಹೇಳಿದ್ದು. ಅಜ್ಜಿಯ ಕಥೆಗಳಲ್ಲಿ ನಿಜ ಎಷ್ಟು, ಒಗ್ಗರಣೆ ಎಷ್ಟು ಎಂದು ನಾನು ವಿಚಾರಿಸಲು ಹೋಗಿಲ್ಲ.

ಅಜ್ಜಿಯ ಹೊತ್ತಿಗೆ ನಮ್ಮ ಉಡಿಗೆ ಒಂದು ಕ್ರಮ ಬಂದಿತ್ತು. ಅರಿಷಿಣ ಕೊಂಬು ತೆಗೆದು ಅದರ ಜಾಗಕ್ಕೆ ಕಲ್ಲುಸಕ್ಕರೆ. ಕುಂಕುಮವಿಲ್ಲ, ಆರತಿಯಿಲ್ಲ. ಹಿಡಿಗೊಂದು ದೇವರ ಹೆಸರು. ಆದರೆ ಇಲ್ಲೊಂದು ತೊಡಕು. ತ್ರಿಯೇಕ ದೇವರ ಹೆಸರಿಗೆ ಮೂರೇ ಹಿಡಿ ಸಾಕು, ಉಡಿಗೆ ಐದು ಬೇಕು. ಬೆಟಗೇರಿಯ ಹೆಂಗಸರು ಇದನ್ನು ಯಾವ ಪಾದ್ರಿಗಳನ್ನೂ ಕೇಳದೆ ಬಗೆಹರಿಸಿಕೊಂಡಿದ್ದರು. ತಂದೆಯ ಒಂದು, ಮಗನ ಒಂದು, ಪವಿತ್ರಾತ್ಮನ ಒಂದು, ನಾಲ್ಕನೆಯದು ಆಮೆನ್, ಐದನೆಯದು ಮಗಳ ಸ್ವಂತ ಹೆಸರು. ಚಿಕ್ಕಂದಿನಲ್ಲಿ ಇದು ಲೋಕದ ಎಲ್ಲ ಸಭೆಗಳಲ್ಲೂ ನಡೆಯುವ ಸಂಸ್ಕಾರ ಎಂದೇ ನಾನು ತಿಳಿದಿದ್ದೆ. ನರ್ಸಿಂಗ್ ಹಾಸ್ಟೆಲಿನಲ್ಲಿ ರೂಮಿನ ಮಲಯಾಳಿ ಹುಡುಗಿ ರಜೆಗೆ ಊರಿಗೆ ಹೊರಟಾಗ ಸೆರಗು ಚಾಚು ಎಂದೆ. ಅವಳು ಪಂಜಾಬಿ ಡ್ರೆಸ್ಸಿನ ದುಪಟ್ಟಾ ಹಿಡಿದು ನನ್ನನ್ನು ಹುಚ್ಚಿಯಂತೆ ನೋಡಿದಳು.

ಈಗ ಅಳಿಯನ ವಿಷಯಕ್ಕೆ ಬರುತ್ತೇನೆ. ಹೆಸರು ಜೋಯಲ್, ಮೈಸೂರಿನ ಕಡೆಯವನು, ಹಿಂಜವಾಡಿಯಲ್ಲಿ ಸಾಫ್ಟ್‌ವೇರ್ ಕೆಲಸ. ನನ್ನ ಒಬ್ಬಳೇ ಮಗಳು ಕರುಣಾ ಮಗರಪಟ್ಟಾದ ಆಫೀಸಿನಲ್ಲಿದ್ದಾಗ ಅಲ್ಲಿ ರವಿವಾರ ಕೂಡುವ ಒಂದು ಸಣ್ಣ ಪ್ರಾರ್ಥನಾ ಗುಂಪಿನಲ್ಲಿ ಪರಿಚಯವಾದವನು. ಹುಡುಗ ಬಂಗಾರ. ಪಾತ್ರೆ ತೊಳೆಯುತ್ತಾನೆ, ನನ್ನ ಮೊಣಕಾಲು ತೋರಿಸಲು ತಾನೇ ರಜೆ ಹಾಕಿ ಕರೆದುಕೊಂಡು ಹೋಗುತ್ತಾನೆ, ಜೋಳದ ರೊಟ್ಟಿ ಬಡಿಯಲು ಕಲಿಯುತ್ತೇನೆಂದು ಹೊರಟು ನನ್ನ ಹಂಚು ಒಡೆದಿದ್ದಾನೆ. ನಮ್ಮ ಕಡೆ ಅಳಿಯನಿಗೆ ಬಹುವಚನ. ನಾನು "ಬರ್ರಿ, ಕುಂಡ್ರಿ" ಎಂದಾಗಲೆಲ್ಲ, "ಅತ್ತೆ, ನಂಗೆ ಬನ್ನಿ ಗಿನ್ನಿ ಅನ್ಬೇಡಿ, ಯಾರೋ ದೊಡ್ಡವರು ಹಿಂದೆ ನಿಂತಿದಾರೇನೋ ಅನ್ಸುತ್ತೆ" ಎಂದು ಹಿಂದಿರುಗಿ ನೋಡುತ್ತಾನೆ. ಇಷ್ಟೆಲ್ಲ ಗುಣವಿದ್ದವನಿಗೆ ಒಂದೇ ಒಂದು ಖಯಾಲಿ. ಯಾವ ಪದ್ಧತಿ ಎಲ್ಲಿಂದ ಬಂತು ಎಂದು ಬೇರು ಹುಡುಕುವುದು.

ಮದುವೆಯಾದ ವರ್ಷ ಕ್ರಿಸ್ಮಸ್ಸಿಗೆ ಅವರ ಫ್ಲ್ಯಾಟಿಗೆ ಹೋದರೆ ಗಿಡವಿಲ್ಲ, ಗಂಟೆಯಿಲ್ಲ. ಗಿಡ ಅಲಂಕರಿಸುವುದು ಯುರೋಪಿನ ಕಾಡುಜನ ಮರ ಪೂಜಿಸುತ್ತಿದ್ದ ಕಾಲದ್ದಂತೆ. ಉಂಗುರ ರೋಮಿನವರದಂತೆ. ಹಾಗಾಗಿ ಅವನ ಬೆರಳಲ್ಲಿ ಉಂಗುರವೂ ಇಲ್ಲ. ನಾನು ಕೇಕು ಕೊಯ್ಯಲು ಚಾಕು ಎತ್ತಿದ್ದೆ. ಕೇಕಿನ ಮೂಲವನ್ನು ಅವನು ಹೇಳುವ ಮೊದಲೇ ಒಂದು ತುಂಡು ಬಾಯಿಗೆ ಹಾಕಿಕೊಂಡೆ.

ಆಮೇಲೆ ನನಗೂ ಸಿಟ್ಟು ಬಂತು. ಸಿಟ್ಟು ನನಗೆ ಬೇಗ ಬರುತ್ತದೆ. ಹೆರಿಗೆ ವಾರ್ಡಿನಲ್ಲಿ ಡಾಕ್ಟರುಗಳೂ ನನ್ನ ದನಿಗೆ ಹೆದರುತ್ತಿದ್ದರು. "ರವಿವಾರ ಅಂದ್ರ ಸೂರ್ಯನ ವಾರ ಅಲ್ಲೇನ್ರಿ? ಸೂರ್ಯನ ಪೂಜಾ ಮಾಡೋರು ಇಟ್ಟ ಹೆಸರು ಅದು. ಹಂಗಾರ ನಿಮ್ಮ ಆರಾಧನಿ ಯಾವ ವಾರ ಇಡೋಣ್ರಿ?" ಎಂದೆ. ಬೇರೆ ಯಾರಾದರೂ ಆಗಿದ್ದರೆ ನಕ್ಕು ಮಾತು ತಿರುಗಿಸುತ್ತಿದ್ದರು. ಜೋಯಲ್ ನಗಲಿಲ್ಲ. ತಲೆ ಕೆರೆದುಕೊಂಡು, "ನೀವು ಹೇಳೋದ್ರಲ್ಲಿ ಪಾಯಿಂಟ್ ಇದೆ ಅತ್ತೆ" ಎಂದ. ಅಲ್ಲಿಂದ ಮುಂದೆ ಒಂದು ತಿಂಗಳು ಆ ಹುಡುಗ ರವಿವಾರಕ್ಕೆ "ವಾರದ ಮೊದಲನೇ ದಿನ" ಎನ್ನುತ್ತಿದ್ದ. ಆಫೀಸಿನ ಕ್ಯಾಬ್ ಡ್ರೈವರಿಗೂ ಹಾಗೇ ಹೇಳಿ, ಅವನು ಸೋಮವಾರ ಎಂದು ತಿಳಿದು ಎಡವಟ್ಟಾಯಿತು ಎಂದು ಕರುಣಾ ಹೇಳಿದಳು. ಅವತ್ತೇ ನನಗೆ ಅವನ ಮೇಲೆ ಪ್ರೀತಿ ಬಂದದ್ದು. ವಾದದಲ್ಲಿ ಸೋತದ್ದನ್ನು ಇಷ್ಟು ನಿಯತ್ತಾಗಿ ಪಾಲಿಸುವವರನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ.

ಈ ವರ್ಷ ಕರುಣಾಳಿಗೆ ದಿನ ನಿಂತವು. ಆರು ತಿಂಗಳು ತುಂಬಿದ ಮೇಲೆ ನಾನು ಕುಬಸದ ಮಾತು ಎತ್ತಿದೆ. ಇಬ್ಬರೂ ಆರಾಧನೆ ಮುಗಿಸಿ ಊಟಕ್ಕೆ ಬಂದಿದ್ದರು. ಜೋಯಲ್ ತಟ್ಟೆಯ ಅಂಚಿಗೆ ಕೈ ಒರೆಸಿಕೊಂಡು, "ಅತ್ತೆ, ಬೇಜಾರು ಮಾಡ್ಕೋಬೇಡಿ. ಉಡಿ ತುಂಬೋದು ಪೇಗನ್. ಭೂಮಿ, ಬೆಳೆ, ಫರ್ಟಿಲಿಟಿ ದೇವತೆಗಳು, ಅದ್ರಿಂದ ಬಂದಿದ್ದು. ನಾನು ಓದಿದೀನಿ" ಎಂದ.

"ಅಕ್ಕಿ ಯಾವ ಮತದ್ದ್ರಿ?" ಎಂದೆ.

"ಅಕ್ಕಿ ಪ್ರಾಬ್ಲಮ್ ಅಲ್ಲ ಅತ್ತೆ. ಯಾಕೆ ಹಾಕ್ತೀವಿ ಅನ್ನೋದು."

"ಯಾಕಂದ್ರ ನನ್ನ ಮಗಳು ಬರಿಗೈಲೆ ಹೋಗಬಾರ್ದು ಅಂತ ಹಾಕ್ತೀನಿ. ಇದರಾಗ ದೇವತಿ ಎಲ್ಲಿ ಬಂದ್ಲು? ನಮ್ಮ ಮುತ್ತಜ್ಜಿ ಹಾಕ್ಯಾಳ, ಅಜ್ಜಿ ಹೇಳಿಕೊಟ್ಟಾಳ, ನಮ್ಮವ್ವ ಹಾಕ್ಯಾಳ. ಅವರೆಲ್ಲ ಸ್ವರ್ಗಕ್ಕ ಹೋಗಿಲ್ಲೇನು?"

ಕರುಣಾ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, "ನೀವಿಬ್ರೂ ಇಲ್ಲೇ ಕೂತು ಭಾಂಡಣ ಮಾಡ್ರಿ. ನಾ ಹೆರಿಗಿಗೆ ಒಬ್ಬಾಕೀನ ರಿಕ್ಷಾ ಹಿಡದು ಹೋಗ್ತೀನಿ" ಎಂದಳು. ಹದಿನೈದು ದಿನ ಮಾತುಕತೆ ನಡೆಯಿತು. ಕಡೆಗೆ ಒಪ್ಪಂದವಾಯಿತು. ಮೊದಲು ಪ್ರಾರ್ಥನೆ. ಅರಿಷಿಣ, ಕುಂಕುಮ, ಆರತಿ ಹೇಗೂ ನಮ್ಮಲ್ಲಿ ಇಲ್ಲ, ಎಲೆ ಅಡಿಕೆಯೂ ಬೇಡ. ಮಗಳು ಹಸಿರು ಸೀರೆ ಉಡಬಹುದು, ಹಸಿರು ಯಾರಪ್ಪನ ಸೊತ್ತೂ ಅಲ್ಲ. ಉಡಿ ತುಂಬುವಾಗ ಜೋಯಲ್ ಬಾಲ್ಕನಿಯಲ್ಲಿ ನಿಲ್ಲುತ್ತಾನೆ, ಅದು ಅವನ ಮನಸ್ಸಾಕ್ಷಿ. ನಾನು ಗೆದ್ದೆ ಎಂದು ಆ ರಾತ್ರಿ ಎರಡು ರೊಟ್ಟಿ ಹೆಚ್ಚು ತಿಂದೆ.

ತಿಂದು ಮಲಗಿದ ಮೇಲೆ ನೆನಪಾಯಿತು. ಇಷ್ಟು ಹೋರಾಡಿ ಉಳಿಸಿಕೊಂಡ ಉಡಿಯನ್ನು ತುಂಬುವವಳು ನಾನಲ್ಲ.

ನಮ್ಮವರು ತೀರಿಕೊಂಡು ಎರಡು ವರ್ಷವಾಯಿತು. ನಮ್ಮಲ್ಲಿ ಯಾರೂ ಬಳೆ ಒಡೆಯಲಿಲ್ಲ, ಬಿಳಿ ಸೀರೆ ಉಡಿಸಲಿಲ್ಲ. ಕ್ರೈಸ್ತರಲ್ಲಿ ವಿಧವೆಗೆ ಅಂಥದ್ದೇನೂ ಇಲ್ಲ ಎಂದು ಪಾದ್ರಿಗಳು ಸಮಾಧಿಯ ದಿನ ಬಾಯಿಬಿಟ್ಟು ಹೇಳಿದರು ಕೂಡ. ಆದರೆ ಆರು ತಿಂಗಳ ಮೇಲೆ ನಮ್ಮ ಸಭೆಯ ಒಂದು ಮದುವೆಯಲ್ಲಿ ಹುಡುಗಿಯ ಉಡಿ ತುಂಬಲು ಹೆಂಗಸರು ಸೇರಿದಾಗ ನಾನಾಗಿಯೇ ಎದ್ದು ಅಡುಗೆಮನೆಗೆ ಹೋಗಿ ಪಾಯಸ ತಿರುವತೊಡಗಿದೆ. ಯಾರೂ ಏಳು ಎನ್ನಲಿಲ್ಲ. ಯಾರೂ ಬಾ ಎಂದು ಕರೆಯಲೂ ಇಲ್ಲ. ಸಂಕ್ರಾಂತಿಗೆ ಮೇಲಿನ ಮಹಡಿಯ ಕಾಕು ಹಳದಿ-ಕುಂಕುಮಕ್ಕೆ ನನ್ನನ್ನು ತಪ್ಪದೆ ಕರೆಯುತ್ತಿದ್ದರು, ಕುಂಕುಮ ಹಚ್ಚದೆ ಎಳ್ಳುಂಡೆ ಮಾತ್ರ ಕೊಟ್ಟು ಕಳಿಸುತ್ತಿದ್ದರು. ಅದೂ ನಿಂತಿತು. ಕೇಳಿದವರಿಗೆಲ್ಲ ಮೊಣಕಾಲು ನೋವು, ಮೇಲೆ ಹತ್ತಲಾಗುವುದಿಲ್ಲ ಎಂದೆ. ಮೊಣಕಾಲಿಗೆ ನಾನು ಹೊರಿಸಿದಷ್ಟು ಸುಳ್ಳು ಬೇರೆ ಯಾವ ಅಂಗಕ್ಕೂ ಹೊರಿಸಿಲ್ಲ.

ಕರುಣಾಳ ಉಡಿ ತುಂಬಲು ಧಾರವಾಡದಿಂದ ನನ್ನ ಗಂಡನ ಅಕ್ಕ ಸತ್ಯವತಿಯವರನ್ನು ಕರೆಸುವುದೆಂದು ಮನಸ್ಸಿನಲ್ಲೇ ತೀರ್ಮಾನಿಸಿದೆ. ಎಪ್ಪತ್ತು ದಾಟಿದವರು, ಗಂಡ ಗಟ್ಟಿಯಾಗಿದ್ದಾರೆ, ಒಳ್ಳೆಯ ಕೈ. ಫೋನ್ ಮಾಡಿದೆ. "ಅಕ್ಕಾರ, ಕರುಣಾನ ಉಡಿ ನೀವ ತುಂಬಬೇಕ್ರಿ" ಎಂದೆ. ಅವರು, "ಹೂಂ, ನಾನ ತುಂಬಬೇಕಾಗ್ತದ" ಎಂದರು. ಯಾಕೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ನಿಜ ಹೇಳುತ್ತೇನೆ, ಆ ರಾತ್ರಿ ನನಗೆ ಭಾಳ ಅಳು ಬಂತು. ಸಾವಿರಾರು ಕೂಸುಗಳನ್ನು ಲೋಕದಲ್ಲಿ ಮೊದಲು ಮುಟ್ಟಿದ ಕೈ ನನ್ನದು. ನನ್ನ ಮಗಳ ಕೂಸಿಗೆ ಒಂದು ಹಿಡಿ ಅಕ್ಕಿ ಹಾಕಲು ಅದು ಆಗುವುದಿಲ್ಲ ಎಂದು ನಾನೇ ತೀರ್ಪು ಕೊಟ್ಟಿದ್ದೆ.

ಕುಬಸದ ಬೆಳಿಗ್ಗೆ ಬಂತು. ಶನಿವಾರ. ನೆಂಟರು ಇಷ್ಟರು ಎಂದು ಯಾರನ್ನೂ ಕರೆದಿರಲಿಲ್ಲ. ನಾವು ನಾಲ್ಕೇ ಜನ. ಕರುಣಾ ಹಸಿರು ಇಳಕಲ್ಲ ಸೀರೆ ಉಟ್ಟು ಕುರ್ಚಿಯಲ್ಲಿ ಕೂತಳು. ನನ್ನ ಕಣ್ಣೇ ತಾಗೀತೆಂದು ನಾನು ಬೇರೆ ಕಡೆ ನೋಡಿದೆ. ಜೋಯಲ್ ಪ್ರಾರ್ಥನೆ ಮಾಡಿದ, ಚೆನ್ನಾಗಿಯೇ ಮಾಡಿದ. ಹುಟ್ಟುವ ಮಗುವಿನ ಕೈಕಾಲು, ಕಣ್ಣು, ಕಿವಿ ಒಂದೊಂದನ್ನೂ ಹೆಸರಿಟ್ಟು ದೇವರಿಗೆ ಒಪ್ಪಿಸಿದ. ನರ್ಸಾದ ನನಗೂ ಅಷ್ಟು ಅಂಗಗಳು ಒಮ್ಮೆಗೇ ನೆನಪಾಗುವುದಿಲ್ಲ. ಆಮೆನ್ ಎಂದವನೇ ಒಪ್ಪಂದದಂತೆ ಬಾಲ್ಕನಿಗೆ ಹೋಗಿ ನಮಗೆ ಬೆನ್ನು ಮಾಡಿ ನಿಂತ.

ಸತ್ಯಕ್ಕ ಅಕ್ಕಿಯ ಮೊರ ಎತ್ತಿಕೊಂಡರು. ನಾನು ಸೌಟು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಒಳಗೆ ಒಲೆಯ ಮೇಲೆ ಏನೂ ಇರಲಿಲ್ಲ. ಪಾಯಸ ಆಗಲೇ ಇಳಿಸಿಯಾಗಿತ್ತು. ಸೌಟು ಸುಮ್ಮನೆ ಕೈಯಲ್ಲಿತ್ತು.

ಕರುಣಾ ಸೆರಗು ಚಾಚಿದವಳು ಸತ್ಯಕ್ಕನ ಭುಜದಾಚೆ ನನ್ನನ್ನು ನೋಡಿದಳು. "ಮಮ್ಮಿ, ಅಲ್ಲ್ಯಾಕ ನಿಂತಿ? ಬಾ."

"ಅತ್ತಿ ತುಂಬ್ತಾರವ್ವ. ನಾ ಇಲ್ಲೇ ಅದೀನಿ."

"ನೀ ತುಂಬವಾಕಿ ಅಲ್ಲೇನು?"

ನಾನು ಮೊಣಕಾಲಿನ ಮಾತು ತೆಗೆಯುವಷ್ಟರಲ್ಲಿ ಬಾಲ್ಕನಿಯಲ್ಲಿದ್ದವನು ಹಿಂದಿರುಗಿದ. ಕಿವಿಗಳನ್ನು ಮನಸ್ಸಾಕ್ಷಿ ತಡೆಯುವುದಿಲ್ಲವಲ್ಲ. "ಒಂದು ನಿಮಿಷ" ಎಂದು ಒಳಗೆ ಬಂದ. "ಇಷ್ಟು ದಿನ ನನ್ ಜೊತೆ ಫೈಟ್ ಮಾಡಿದ್ದು ಅತ್ತೆ. ಈಗ ಅವರು ಯಾಕೆ ಅಡುಗೆಮನೇಲಿ ನಿಂತಿದಾರೆ?"

ಸತ್ಯಕ್ಕನಿಗೆ ಸಂಕೋಚವಾಯಿತು. ಅಳಿಯನ ಎದುರು ಆಡುವ ಮಾತಲ್ಲ. "ಹಂಗಲ್ರಿ, ಮುತ್ತೈದಿ ಕೈಲೆ ಆಗಬೇಕ್ರಿ ಇದು. ನನ್ನ ತಮ್ಮ ಇಲ್ಲಲ್ರಿ ಈಗ" ಎಂದು ಮೆಲ್ಲಗೆ ಹೇಳಿದರು. ಅವರ ದನಿಯಲ್ಲಿ ನನ್ನನ್ನು ಹಿಂದೆ ಸರಿಸುವ ಗರ್ವ ಒಂದಿಷ್ಟೂ ಇರಲಿಲ್ಲ, ಅದನ್ನು ಹೇಳಿಬಿಡುತ್ತೇನೆ. ಇದ್ದದ್ದನ್ನು ಇದ್ದಂತೆ ಹೇಳಿದರು ಅಷ್ಟೇ.

ಜೋಯಲ್ ಸತ್ಯಕ್ಕನನ್ನು ನೋಡಿದ, ನನ್ನನ್ನು ನೋಡಿದ, ನನ್ನ ಸೌಟನ್ನು ನೋಡಿದ. ಅವನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನ ಮುಖದಲ್ಲಿ ನಾನು ಕಂಡಿರದ ಸಿಟ್ಟು ಕಂಡಿತು.

"ಆಂಟಿ, ಇದು ಎಲ್ಲಿಂದ ಬಂತು?" ಎಂದು ಕೇಳಿದ. "ದೇವರ ವಾಕ್ಯದಲ್ಲಿ ಎಲ್ಲಿದೆ? ಗಂಡ ಸತ್ತರೆ ಹೆಂಡ್ತಿ ಕೈ ಕೆಟ್ಟದಾಗುತ್ತೆ ಅಂತ ಎಲ್ಲಿದೆ? ಅರಿಶಿನ ತೆಗೆದಿರಿ, ಕುಂಕುಮ ತೆಗೆದಿರಿ, ಆರತಿ ತೆಗೆದಿರಿ, ನನ್ ಮಾತು ಕೇಳಿ ಎಲೆ ಅಡಿಕೆನೂ ತೆಗೆದಿರಿ. ಇದನ್ನ ಮಾತ್ರ ಯಾಕೆ ಇಟ್ಕೊಂಡ್ರಿ?"

ಕೆಳಗೆ ರಸ್ತೆಯಲ್ಲಿ ತರಕಾರಿ ಗಾಡಿಯವನು ಕೂಗಿಕೊಂಡು ಹೋದ. ನನಗೆ ಒಮ್ಮೆಗೇ ಬೆಟಗೇರಿಯ ಹೆಂಗಸರೆಲ್ಲ ಕಣ್ಣ ಮುಂದೆ ಬಂದರು. ಎಷ್ಟು ಕಾಳಜಿಯಿಂದ ಆರಿಸಿದ್ದರು. ಅರಿಷಿಣ ಕೊಂಬು ಅನ್ಯಜನರದು ಎಂದು ಎತ್ತಿ ಹೊರಗಿಟ್ಟು ಕಲ್ಲುಸಕ್ಕರೆ ತಂದರು, ಹಿಡಿ ಹಿಡಿಗೂ ದೇವರ ಹೆಸರು ಹೊಂದಿಸಿದರು. ಕೇರಿದ ಮೊರದಲ್ಲಿ ಈ ಒಂದು ಕಲ್ಲು ಮಾತ್ರ ಹಾಗೇ ಉಳಿಯಿತು. ಅರಿಷಿಣದಂತೆ ಅದಕ್ಕೆ ಬಣ್ಣವಿರಲಿಲ್ಲ, ಆದ್ದರಿಂದ ಪಾದ್ರಿಗಳಿಗೂ ಕಾಣಲಿಲ್ಲ, ದೊರೆಸಾನಿಗೂ ಕಾಣಲಿಲ್ಲ. ನನ್ನಜ್ಜಿ ಇಪ್ಪತ್ತೆಂಟಕ್ಕೆ ಗಂಡನನ್ನು ಕಳೆದುಕೊಂಡವಳು. ಉಡಿಯ ಅಷ್ಟೆಲ್ಲ ಕ್ರಮ ನಮಗೆ ಬಾಯಿಪಾಠ ಮಾಡಿಸಿದವಳು ತಾನೇ ಯಾರ ಉಡಿಯನ್ನಾದರೂ ತುಂಬಿದ್ದನ್ನು ನಾನು ನೋಡಿಲ್ಲ. ಬಾಗಿಲಲ್ಲಿ ನಿಂತು ಹೇಳಿಕೊಡುತ್ತಿದ್ದಳು. ಅದು ಯಾಕೆ ಎಂದು ನನಗೆ ಅರವತ್ತಮೂರು ವರ್ಷ ಹೊಳೆದೇ ಇರಲಿಲ್ಲ.

"ಬರ್ರಿ ಅತ್ತೆ" ಎಂದ ಜೋಯಲ್. ನಮ್ಮ ಕಡೆಯ ಮಾತು ಅವನ ಬಾಯಲ್ಲಿ ಬಂದದ್ದು ಅದೇ ಮೊದಲು, ಅವನಿಗೆ ಗೊತ್ತಾದಂತೆ ಕಾಣಲಿಲ್ಲ.

ಇಲ್ಲಿ ನಾನು ಓಡಿಹೋಗಿ ಮೊರ ಹಿಡಿದೆ ಎಂದು ಬರೆಯಬಹುದಿತ್ತು. ಹಾಗೆ ಆಗಲಿಲ್ಲ. ನನ್ನ ಕಾಲು ಏಳಲಿಲ್ಲ, ಈ ಸಲ ಮೊಣಕಾಲಿನ ತಪ್ಪಲ್ಲ. "ಬ್ಯಾಡ್ರಿ" ಎಂದೆ. "ನಾಳಿ ಕೂಸಿಗೆ ಏನರ ಆದ್ರ?"

ಹೇಳಿದ ಮೇಲೆ ನನಗೇ ನಾಚಿಕೆಯಾಯಿತು. ಮೂವತ್ತೊಂದು ವರ್ಷ ಹೆರಿಗೆ ಮಾಡಿಸಿದವಳು. ಯಾವ ಕೂಸಿಗೆ ಯಾತರಿಂದ ಏನಾಗುತ್ತದೆ ಎಂದು ಪುಸ್ತಕ ನೋಡದೆ ಹೇಳಬಲ್ಲೆ. ವಾರ್ಡಿನಲ್ಲಿ ಬಸುರಿಯ ದಿಂಬಿನ ಕೆಳಗೆ ಚಾಕು ಇಟ್ಟವರನ್ನೂ ಬಾಗಿಲಿಗೆ ನಿಂಬೆಹಣ್ಣು ಕಟ್ಟಿದವರನ್ನೂ ಬಯ್ದು ಓಡಿಸಿದ್ದೇನೆ. ಅಂಥ ನಾನು ನನ್ನದೇ ಅಂಗೈಗೆ ಹೆದರಿ ನಿಂತಿದ್ದೆ. ಆದರೆ ಹೆದರಿಕೆ ನಿಜವಾಗಿತ್ತು.

ಜೋಯಲ್ ನನ್ನೊಡನೆ ವಾದಿಸಲಿಲ್ಲ. ಹತ್ತಿರ ಬಂದು ನನ್ನ ಕೈಯಿಂದ ಸೌಟು ತೆಗೆದು ಟೇಬಲ್ಲಿನ ಮೇಲಿಟ್ಟ. "ಅತ್ತೆ, ಇದು ನನ್ ಮಗು. ನಿಮ್ ಕೈ ಇದಕ್ಕೆ ಒಳ್ಳೇದೇ ಮಾಡುತ್ತೆ ಅಂತ ನಾನು ನಂಬ್ತೀನಿ. ಪ್ಲೀಸ್" ಎಂದ. ಆಮೇಲೆ ಸತ್ಯಕ್ಕನ ಕಡೆ ತಿರುಗಿ ಎರಡೂ ಕೈ ಚಾಚಿದ. ಅವರು ಮೊರವನ್ನು ಅವನಿಗೆ ಕೊಟ್ಟರು. ಉಡಿ ತುಂಬುವಲ್ಲಿ ಗಂಡಸು ಮೊರ ಹಿಡಿದದ್ದನ್ನು ನಾನು ಕಂಡಿಲ್ಲ, ಕೇಳಿಲ್ಲ. ಅವನು ಅದನ್ನು ಬಿಸಿ ಪಾತ್ರೆಯಂತೆ ದೂರ ಹಿಡಿದು ನಿಂತಿದ್ದ, ಅಕ್ಕಿ ಒಂದು ಕಡೆಗೆ ಜಾರುತ್ತಿತ್ತು.

ನಾನು ಹೋಗಿ ಮಗಳ ಮುಂದೆ ನಿಂತೆ. ಮೊದಲ ಹಿಡಿಯಲ್ಲಿ ಅರ್ಧ ಅಕ್ಕಿ ನೆಲಕ್ಕೇ ಚೆಲ್ಲಿತು. ತಂದೆಯ, ಮಗನ, ಪವಿತ್ರಾತ್ಮನ ಎಂದೆನೋ ಇಲ್ಲವೋ ನೆನಪಿಲ್ಲ. ಐದು ಹಿಡಿ ಆಯಿತೋ ಆರಾಯಿತೋ ಅದನ್ನೂ ಎಣಿಸಲಿಲ್ಲ. ಕರುಣಾ ಅಳುತ್ತಿದ್ದಳು, "ಮಮ್ಮಿ, ಸಾಕ, ಜಡ ಆಗ್ಲಿಕತ್ತೇದ" ಎಂದು ನಗುತ್ತಲೂ ಇದ್ದಳು. ಕೊಬ್ಬರಿ ಬಟ್ಟಲು ಇಟ್ಟೆ, ಉತ್ತತ್ತಿ ಇಟ್ಟೆ, ಕಣ ಇಟ್ಟೆ. ಅವಳ ಹೊಟ್ಟೆಯ ಮೇಲೆ ನನ್ನ ಬರಿಗೈ ಇಟ್ಟೆ. ಅಲ್ಲಿಯವರೆಗೂ ನರ್ಸಾಗಿ ಎಷ್ಟೋ ಸಲ ಇಟ್ಟಿದ್ದೆ, ಅವಳ ತಾಯಿಯಾಗಿ ಇಟ್ಟದ್ದು ಅದೇ ಮೊದಲು.

ಎಲ್ಲ ಮುಗಿದ ಮೇಲೆ ಜೋಯಲ್ ಮೊರ ಕೆಳಗಿಟ್ಟು ನೆಲದ ಅಕ್ಕಿ ಆರಿಸತೊಡಗಿದ. "ನಿಮ್ಮ ಗುಂಪಿನವರಿಗೆ ಏನಂತ ಹೇಳ್ತೀರಿ ಈಗ?" ಎಂದು ಕೇಳಿದೆ. ಅವನು ತಲೆ ಎತ್ತದೆ, "ಉಡಿ ಪೇಗನ್ ಅಂತ ನಂಗೆ ಈಗ್ಲೂ ಅನ್ಸುತ್ತೆ ಅತ್ತೆ. ಆದ್ರೆ ಬಾಲ್ಕನಿಲಿ ನಿಂತಿದ್ದೆನಲ್ಲ, ಅದಕ್ಕೆ ಮೊದ್ಲು ಸಾರಿ ಕೇಳ್ಬೇಕು" ಎಂದ. ಯಾರನ್ನು ಕೇಳಬೇಕು ಎಂದು ಹೇಳಲಿಲ್ಲ. ಅವನ ಸ್ವಭಾವ ಅಷ್ಟೇ. ತಪ್ಪು ಎಂದು ತಿಳಿದದ್ದನ್ನು ತಪ್ಪು ಎನ್ನುವುದು ಬಿಡಲಿಲ್ಲ, ನನ್ನನ್ನೂ ಬಿಡಲಿಲ್ಲ.

ನಾನು ಪಾಯಸಕ್ಕೆ ಬಟ್ಟಲು ತರಲು ಎದ್ದೆ. ಆಗ ಸತ್ಯಕ್ಕ ನನ್ನ ಕೈ ಹಿಡಿದು ನಿಲ್ಲಿಸಿದರು. ಇಷ್ಟು ಹೊತ್ತೂ ಅವರು ಗೋಡೆಗೆ ಒರಗಿ ನಿಂತಿದ್ದರು. ಅವರ ಮನಸ್ಸಿಗೆ ನೋವಾಯಿತೇನೋ, ಧಾರವಾಡದಿಂದ ಕರೆಸಿ ಹೀಗೆ ಮಾಡಿದೆವಲ್ಲ ಎಂದು ನನಗೆ ಅಳುಕಾಗಿತ್ತು.

"ಪ್ರಭಾ" ಎಂದರು. "ನನ್ನ ತಮ್ಮನ ಮನಿ ನನಗ ತವರಮನಿ. ಅವ ಇದ್ದಾಗ ನಾ ಬಂದ್ರ ನೀ ಉಡಿ ತುಂಬದ ಕಳಸ್ತಿದ್ದಿಲ್ಲ. ಅವ ಹೋದಮ್ಯಾಲ ಎರಡ ಸರ್ತಿ ಬಂದೀನಿ. ಎರಡೂ ಸರ್ತಿ ನೀ ಅಡಗಿಮನ್ಯಾಗ ಇದ್ದಿ. ನಾ ಬರೀ ಉಡಿಲೆ ಗಾಡಿ ಹತ್ತೀನಿ. ಕೇಳಬೇಕಂದ್ರ ಬಾಯಿ ಬರಲಿಲ್ಲ ನನಗ."

ಹಾಗೆಂದು ಕರುಣಾ ಎದ್ದ ಕುರ್ಚಿಯಲ್ಲಿ ಕೂತು, ನನ್ನ ಮುಂದೆ ಸೆರಗು ಚಾಚಿದರು.